ಫಿಂಜಾನ್

ಮೊದಲ ದಿನ ಒಂಬತ್ತು ಕುಡಿದೆ.
ಬಟ್ಟಲು ಬರಿದಾಗುವುದೇ ತಡ, ಮತ್ತೆ ಸುರಿಯುತ್ತಿದ್ದರು,
ಏಲಕ್ಕಿ ಘಮದ, ಸಕ್ಕರೆ ಕಾಣದ ಹಳದಿ ಕಾಫಿ.
ಬೇಡವೆನ್ನಲು ನನ್ನಲ್ಲಿ ಭಾಷೆ ಇರಲಿಲ್ಲ;
ಕಿನ್ನಿಗೋಳಿಯಲ್ಲಿ ಬಡಿಸಿದ್ದನ್ನು ಬಿಡುವವರಲ್ಲ ನಾವು.
ಆಗ ಖಲ್ಫಾನಜ್ಜ ತನ್ನ ಬಟ್ಟಲೆತ್ತಿ
ಎಡಕ್ಕೆ, ಬಲಕ್ಕೆ, ಎರಡೇ ಸಲ ಅಲುಗಿಸಿ ತೋರಿಸಿದರು.
ಇಷ್ಟು ಮಾಡಿದರೆ ಸಾಕು ಎಂದರ್ಥ.
ಮಾಡದಿದ್ದರೆ, ಹುಡುಗಿ, ಬೆಳಗಿನವರೆಗೂ ಸುರಿಯುತ್ತಾರೆ.

ಫ್ಲೋಸಿ ಎನ್ನಲು ನಾಲಿಗೆ ತಿರುಗದೆ
ಫುಲೂಸಿ ಎಂದು ಕರೆದರು.
ಅರಬ್ಬಿಯಲ್ಲಿ ಅದು 'ನನ್ನ ದುಡ್ಡು'.
ಮನೆಯವರೆಲ್ಲ ನಕ್ಕರು. ತಿಂಗಳ ಕೊನೆಗೆ ನಾನೂ.

ಪ್ರಾಯದಲ್ಲಿ ನಖುದ; ಸೂರಿನ ಮರದ ಹಡಗಿನಲ್ಲಿ
ಖರ್ಜೂರ ಒಯ್ದು, ನಮ್ಮೂರ ಹಂಚು ತಂದವರು.
'ಮಂಜರೂರ್' ಎನ್ನುವಾಗ ಮಾತ್ರ ಕೈನಡುಕ ತುಸು ತಗ್ಗುತ್ತಿತ್ತು.
ಆರು ವರ್ಷದಿಂದ ಆ ನಡುಕವೇ ನನ್ನ ಕೆಲಸ:
ಚಮಚ ಹಿಡಿದ ಕೈಯ ಕೆಳಗೆ ನನ್ನದೊಂದು ಕೈ.

ಈಗ ಮೂಗಿನಲ್ಲಿ ನಳಿಕೆ.
ಗಂಟೆಗಿಷ್ಟು ಎಂದು ಇಳಿಯುವ ಬಿಳಿ ದ್ರವದ ರುಚಿ
ಅಜ್ಜನಿಗೂ ಗೊತ್ತಿಲ್ಲ, ನನಗೂ.
ಕಿತ್ತುಬಿಡುತ್ತಾರೆಂದು ಎರಡೂ ಕೈಗೆ ಚೀಲ ಕಟ್ಟಿದ್ದೇವೆ.
ಕಟ್ಟಿದ್ದು ನಾನೇ. ಗಂಟು ಗಟ್ಟಿ. ಕಲಿತ ಕೈ.

ಇನ್ನು ಹೊಟ್ಟೆಗೇ ತೂತು ಕೊರೆದು ಇಡಿಸೋಣ ಎನ್ನುತ್ತಾನೆ ಬದರ್.
ಮಸ್ಕತ್ತಿನಲ್ಲಿ ಹಾಸಿಗೆ ಸಿಕ್ಕಿದೆ, ಕಾರು ಬಾಗಿಲಲ್ಲಿ ಗುರುಗುಡುತ್ತಿದೆ.
ಸುಡಾನಿನ ಡಾಕ್ಟರು ಕನ್ನಡಕ ಒರೆಸುತ್ತ
ಮಾಡಬಹುದು ಎಂದರು. ಸ್ವಲ್ಪ ತಡೆದು,
ಮಾಡದೆಯೂ ಇರಬಹುದು.
ಅವರೇನಾದರೂ ಹೇಳಿದ್ದಾರೆಯೇ?

ಶಮ್ಸಾ ಕೈಚೀಲ ಬಿಚ್ಚಿದಳು.
ಖಾಲಿ ಫಿಂಜಾನ್ ಬೆರಳ ನಡುವೆ ಇಟ್ಟಳು.
ಅಜ್ಜ ಅಲುಗಿಸಿದರು.

ರೋಗ ಅದು, ಎಂದ ಬದರ್. ಯಾವಾಗಲೂ ನಡುಗುವ ಕೈ.
ನೋಡು, ಗಲ್ಲವೂ ನಡುಗುತ್ತಿಲ್ಲವೇ?
ಅವನ ದನಿಯೂ ನಡುಗುತ್ತಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು.

ಪಾದ್ರಿಗೂ ಹೇಳದ್ದನ್ನು ಇಲ್ಲಿ ಹೇಳುತ್ತೇನೆ:
ಒಳಗೊಳಗೇ ಲೆಕ್ಕ ಹಾಕಿದೆ.
ನಳಿಕೆಯಿದ್ದರೆ ಒಂದು ವರ್ಷ, ಪುಣ್ಯವಿದ್ದರೆ ಎರಡು;
ಸೊಸೈಟಿಯ ಸಾಲ, ತಮ್ಮನ ಮಗಳ ಕಾಲೇಜು.
ಅಜ್ಜ ಹೋದರೆ ನನ್ನ ವೀಸಾನೂ ಹೋಗುತ್ತದೆ.
ಫುಲೂಸಿ.
ನಡುಕ ಎಂದಿದ್ದರೆ ಸಾಕಿತ್ತು, ಬರೀ ನಡುಕ.

ಆದರೆ ರೋಗದ ನಡುಕ ಬೆರಳಿನದು.
ಹೆಬ್ಬೆರಳೂ ತೋರುಬೆರಳೂ ಸೇರಿ
ಕಾಣದ ಜಪಸರದ ಮಣಿ ಉರುಳಿಸುತ್ತವೆ,
ಯಾರನ್ನೂ ಉದ್ದೇಶಿಸದೆ; ನಿದ್ದೆ ಹತ್ತಿದಾಗ ಮಾತ್ರ ನಿಲ್ಲುತ್ತವೆ.
ಇದು ಮಣಿಕಟ್ಟಿನದು. ಎಡಕ್ಕೆ, ಬಲಕ್ಕೆ. ಎರಡು ಸಲ.
ಆಮೇಲೆ ಬಟ್ಟಲು ಮುಂದಕ್ಕೆ ಚಾಚಿದ್ದರು,
ತೆಗೆದುಕೊಳ್ಳುವವರಿಗಾಗಿ ಕಾಯುತ್ತ.

ಇನ್ನೊಮ್ಮೆ ಕೊಟ್ಟು ನೋಡಿ ಎಂದೆ. ಕೊಟ್ಟರು. ಎಡಕ್ಕೆ, ಬಲಕ್ಕೆ.
ಬದರ್ ಹೊರಗೆ ಹೋಗಿ ಕಾರಿನ ಇಂಜಿನು ಆರಿಸಿದ.
ತುಂಬ ಹೊತ್ತು ಒಳಗೆ ಬರಲಿಲ್ಲ.

ಹನ್ನೊಂದು ದಿನ.
ಕಿಟಕಿ ತೆರೆದಿಟ್ಟೆವು; ಹಿನ್ನೀರಿನ ಉಪ್ಪುವಾಸನೆ,
ಹಡಗುಕಟ್ಟೆಯಿಂದ ಒಬ್ಬನೇ ಬಡಗಿಯ ಸುತ್ತಿಗೆ.
ಚಮಚದ ತುದಿಯಲ್ಲಿ ಕಾಫಿ, ತುಟಿ ನೆನೆಯುವಷ್ಟು.
ಕೆಮ್ಮು ಬಂದರೆ ಬರಲಿ ಎಂದರು ಡಾಕ್ಟರು.
ನಾಲ್ಕನೆಯ ದಿನ ಖರ್ಜೂರದ ರಸ ಚೀಪಿ
ಎಂದೋ ಸತ್ತ ಯಾವನೋ ಖಲಾಸಿಯನ್ನು ಕೆಟ್ಟದಾಗಿ ಬೈದರು;
ಶಮ್ಸಾ ನಕ್ಕು ನಕ್ಕು ಅತ್ತಳು.
ಒಂಬತ್ತಕ್ಕೆ ಬಾಯಿ ತೆರೆಯಲಿಲ್ಲ.
ರಾತ್ರಿ ನನಗೆ ಭಯ: ತಪ್ಪಿ ಓದಿದೆನೇ?
ಆ ಭಾಷೆಯ ಅಕ್ಷರ ನನಗೆ ಬಾರದು, ಕೈ ಮಾತ್ರ ಬರುತ್ತದೆ.
ಕತ್ತಲಲ್ಲಿ ಮಣಿ ಉರುಳುತ್ತಲೇ ಇತ್ತು.
ಹನ್ನೊಂದರ ಬೆಳಗ್ಗೆ ನಿಂತಿತ್ತು.
ನಿದ್ದೆ ಎಂದುಕೊಂಡೆ.

ಪೆಟ್ಟಿಗೆ ಕಟ್ಟಿಯಾಗಿದೆ. ವಿಮಾನ ಮಧ್ಯರಾತ್ರಿಗೆ.
ಅಡುಗೆಮನೆಯಲ್ಲಿ ಶಮ್ಸಾ ನನಗೆ ಸುರಿಯುತ್ತಾಳೆ.
ಅದೇ ಫಿಂಜಾನ್, ನಮ್ಮ ಪಿಂಗಾಣಿಯ ಅಕ್ಕನೋ ತಂಗಿಯೋ,
ಅಂಚಿನಲ್ಲಿ ಕೂದಲೆಳೆಯ ಬಿರುಕು.
ಒಂದು. ಎರಡು. ಮೂರು.
ಅಲುಗಿಸುವುದು ಗೊತ್ತು.
ಅಲುಗಿಸದೆ ಹಿಡಿದುಕೊಂಡಿದ್ದೇನೆ.